ಅಕ್ಕರೆ ಎಂಬ ಮಾತು

ಸೌಕಾರ್‌ಪೇಟೆಗೆ ಹೊಸದಾಗಿ ಬಂದಾಗ ನಮಗೆ ಹೀಗಾಗಿತ್ತು. ನೆರೆಯ ತೆಲುಗರ ಮೂಟೆಯನ್ನು ಎತ್ತಲು ಕೈಹಚ್ಚಿದರೆ ಅವರು ‘ಅಕ್ಕರಲೇದು’ ಎಂದರು. ನಮ್ಮ ಮೇಲೆ ಅಕ್ಕರೆಯಿಲ್ಲವೆಂದು ತಿಳಿದು ಮನಸ್ಸಿಗೆ ನೋವಾಯಿತು. ಅವರು ಹೇಳಿದ್ದು ‘ಬೇಕಾಗಿಲ್ಲ’ ಎಂದಷ್ಟೆ. ತೆಲುಗಿನಲ್ಲಿ ಅಕ್ಕರ ಎಂದರೆ ಅಗತ್ಯ.

ತಮಿಳಿನಲ್ಲಿ ಅಕ್ಕರೈ ಎಂದರೆ ಆಸ್ಥೆ, ಕಾಳಜಿ. ನಮ್ಮಲ್ಲಿ ಅಕ್ಕರೆ ಎಂದರೆ ಪ್ರೀತಿ. ಮೂರೂ ಒಂದೇ ಬಳಗದ ಮಾತುಗಳು. ಇದಕ್ಕೆ ಗುರುತು ‘ಱ’ ಎಂಬ ಅಕ್ಷರ. ಇದಕ್ಕೆ ಶಕಟರೇಫವೆಂದು ಹೆಸರು. ಹಳಗನ್ನಡದಲ್ಲಿ ಈ ಪದ ‘ಅಕ್ಕಱು’ ಎಂದಿತ್ತು. ಹಳೆಯ ತೆಲುಗಿನ ಬರವಣಿಗೆಯಲ್ಲಿಯೂ ಇದೇ ಅಕ್ಷರ. ಕನ್ನಡದಲ್ಲಿ ಅದು ಬಿಟ್ಟುಹೋಗಿ ಬರಿಯ ರಕಾರ ಉಳಿಯಿತು. ತಮಿಳರು ಇಂದಿಗೂ ಅದನ್ನು ಬರೆಯುತ್ತಾರೆ. ತಮಿಳು ಕಲಿಯುತ್ತಿರುವ ನಮ್ಮವರು ಇಲ್ಲಿ ಎಚ್ಚರವಾಗಿರಬೇಕು. ಕಿವಿಗೆ ಭೇದ ಅಷ್ಟಾಗಿ ತಿಳಿಯದು. ಆದರೆ ಕಾಗದದಲ್ಲಿ ಸಾಮಾನ್ಯ ರಕಾರ ಬರೆದರೆ ‘ಕಾಳಜಿ’ ಹೋಗಿ ‘ಆಚೆಯ ದಡ’ ಎಂಬ ಅರ್ಥ ಬರುತ್ತದೆ.

ಅಕ್ಕರೆಯು ‘ಅಕ್ಕ’ ಎಂಬುದರಿಂದ ಬಂದಿರಬಹುದೆಂದು ಯಾರಿಗಾದರೂ ತೋರಬಹುದು. ಊಹೆ ಇಂಪಾಗಿದೆ, ಆದರೆ ತೆಲುಗಿನ ಅರ್ಥಕ್ಕೆ ಅದು ಹೊಂದುವುದಿಲ್ಲ.

ಅಗತ್ಯಕ್ಕೂ ಪ್ರೀತಿಗೂ ಏನು ನಂಟು ಎಂದು ಕೇಳುವಿರಾ? ನಮ್ಮ ಮನೆಮಾತನ್ನೇ ನೋಡಿರಿ. ಹತ್ತಿರದವರನ್ನು ನಾವು ‘ಬೇಕಾದವರು’ ಎನ್ನುತ್ತೇವೆ. ಬೇಕಾದವರ ಮೇಲೆ ಕಾಳಜಿ, ಕಾಳಜಿಯಿದ್ದಲ್ಲಿ ಪ್ರೀತಿ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ನೆರೆಯವರೇ ಬೇಕಾದವರು. ಆದ್ದರಿಂದ ‘ಅಕ್ಕರಲೇದು’ ಎಂಬ ಮಾತಿಗೆ ನೊಂದುಕೊಳ್ಳದೆ, ನಾಳೆಯೂ ಅವರ ಮೂಟೆಗೆ ಕೈಹಚ್ಚೋಣ.