ತಳಕಿನ ವಸಂತ ನೆಲದ ಮೇಲಿದೆ: ಹಕ್ಕಿ ನೋಡುವ ಬಳಗಕ್ಕೊಂದು ಕೈಪಿಡಿ

ಯುಗಾದಿ ಹತ್ತಿರ ಬಂದರೆ ಮಲೆನಾಡಿನಲ್ಲಿ ಹಕ್ಕಿ ನೋಡುವವರ ಕಣ್ಣು ಮರದ ತುದಿಯಲ್ಲಿರುತ್ತದೆ. ಚಳ್ಳಕೆರೆ ತಾಲ್ಲೂಕಿನ ತಳಕಿನಲ್ಲಿ ಬರೀ ಮೇಲೆ ನೋಡುತ್ತ ಹೋದರೆ ಬೇವಿನ ಮರದ ಕೋಗಿಲೆ, ತಂತಿಯ ಮೇಲಿನ ಕಾಜಾಣ, ನೀಲಕಂಠ ಸಿಕ್ಕಾವು. ಉಳಿದದ್ದೆಲ್ಲ ಕಾಲ ಬುಡದಲ್ಲಿದೆ. ಇದು ನನಗೆ ಗೊತ್ತಾದದ್ದು ಚಳ್ಳಕೆರೆ ಸೀಮೆಯ ಒಂದು ಕಾವಲಿನಲ್ಲಿ, ಎಂದರೆ ದನ ಮೇಯುವ ಹುಲ್ಲುಬಯಲಿನಲ್ಲಿ. ಕತ್ತೆತ್ತಿ ನಡೆಯುತ್ತಿದ್ದ ನನ್ನನ್ನು ಕುರಿ ಕಾಯುತ್ತಿದ್ದ ಅಜ್ಜ ಕೂಗಿ ನಿಲ್ಲಿಸಿದರು: ‘ಅಲ್ಲೇ ನಿಂದ್ರಪ್ಪಾ, ಕಾಲ ಮುಂದೆ ಮೊಟ್ಟೆ ಐತೆ.’ ಬಗ್ಗಿ ನೋಡಿದರೂ ತಕ್ಷಣ ಕಾಣಲಿಲ್ಲ. ಅವರು ಕೋಲಿನಿಂದ ತೋರಿಸಿದ ಮೇಲೆ ಕಂಡವು ನಾಲ್ಕು ಮೊಟ್ಟೆ, ಚೂಪು ತುದಿ ಒಳಮುಖವಾಗಿ, ಸುತ್ತಲಿನ ಮಣ್ಣಿನದೇ ಬಣ್ಣ. ಹಳದಿ ಟಿಟ್ಟಿಭದ ಗೂಡು ಅದು. ಗೂಡು ಎನ್ನಲು ಅಲ್ಲೊಂದು ಕಡ್ಡಿಯೂ ಇರಲಿಲ್ಲ.

ಈ ಊರುಗಳಲ್ಲಿ ಹಕ್ಕಿ ನೋಡುವ ಬಳಗ ಕಟ್ಟಬೇಕೆನ್ನುವವರು ಆ ಅಜ್ಜನಂಥವರಿಂದಲೇ ಶುರು ಮಾಡಿ ಎಂಬುದು ನನ್ನ ಮೊದಲ ಮಾತು.

ಮೊದಲು ಜೊತೆ, ಆಮೇಲೆ ಬೈನಾಕ್ಯುಲರ್

ನಾಲ್ಕೈದು ಜನ ಸಾಕು. ಒಬ್ಬ ಮೇಷ್ಟ್ರು, ಇಬ್ಬರು ಹೈಸ್ಕೂಲು ಮಕ್ಕಳು, ಕುರಿ ಕಾಯುವವರೊಬ್ಬರು, ಸಾಧ್ಯವಾದರೆ ಮ್ಯಾಸಬೇಡರ ದೇವರ ಎತ್ತುಗಳನ್ನು ನೋಡಿಕೊಳ್ಳುವ ಕಿಲಾರಿ. ದಿನವೂ ಹುಲ್ಲಿನ ನಡುವೆ ನಡೆಯುವ ಕಿಲಾರಿಗೆ ಯಾವ ಹಕ್ಕಿ ಎಲ್ಲಿಂದ ಏಳುತ್ತದೆಂದು ತಿಳಿದಿರುತ್ತದೆ. ಅವರನ್ನು ‘ಮಾಹಿತಿ ಕೊಡುವವರು’ ಎಂದು ಬದಿಗೆ ಕೂರಿಸಬೇಡಿ, ಬಳಗದ ಸದಸ್ಯರಾಗಿಯೇ ಸೇರಿಸಿಕೊಳ್ಳಿ.

ದಿನ ಮತ್ತು ಜಾಗ ಬದಲಾಗಬಾರದು. ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ 1970ರ ದಶಕದಿಂದ ಬಾಳಿ ಬಂದಿರುವುದಕ್ಕೆ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗ್‌ನಲ್ಲಿ ಸೇರುವ ಅದರ ರೂಢಿಯೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ನೀವು ತಳಕಿನ ಬಸ್ ನಿಲ್ದಾಣ ಅಂತಿಟ್ಟುಕೊಳ್ಳಿ, ಬೆಳಿಗ್ಗೆ ಆರು ಗಂಟೆ. ಒಂಬತ್ತರ ಹೊತ್ತಿಗೆ ಬಯಲಲ್ಲಿ ಝಳ ಕುಣಿಯತೊಡಗಿ ದೂರದ ಹಕ್ಕಿ ಕಲ್ಲಿನಂತೆ, ಕಲ್ಲು ಹಕ್ಕಿಯಂತೆ ಕಾಣುತ್ತದೆ.

ಬಳಗಕ್ಕೆ 8×42 ಅಳತೆಯ ಒಂದು ಬೈನಾಕ್ಯುಲರ್, ನೂರು ಪುಟದ ನೋಟ್‌ಬುಕ್ಕು, ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಇದ್ದರೆ ಆಯಿತು. ಮೊಬೈಲ್ ಇದ್ದವರು ಇ-ಬರ್ಡ್ ಆ್ಯಪ್ ಹಾಕಿಕೊಳ್ಳಲಿ. ಪ್ರತಿ ಫೆಬ್ರುವರಿ ನಡುವೆ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಅದರಲ್ಲೇ ಪಟ್ಟಿ ಸೇರಿಸಬಹುದು. ಹದಿನೈದು ನಿಮಿಷ ನಿಂತು ಎಣಿಸಿದರೂ ಒಂದು ಪಟ್ಟಿಯಾಗುತ್ತದೆ.

ಹೋಗುವವರನ್ನು ಬೀಳ್ಕೊಡಿ

ಫೆಬ್ರುವರಿ, ಮಾರ್ಚ್‌ನಲ್ಲಿ ವಲಸೆ ಹಕ್ಕಿಗಳು ಹಿಂತಿರುಗುವ ತಯಾರಿಯಲ್ಲಿರುತ್ತವೆ. ಕೆರೆಯಲ್ಲಿ ನೀರುಳಿದಿದ್ದರೆ ಪಟ್ಟೆತಲೆ ಹೆಬ್ಬಾತು ನೋಡಿ. ಮುತ್ತುಗ ಹೂ ಬಿಟ್ಟಲ್ಲಿ ಗುಲಾಬಿ ಕಬ್ಬಕ್ಕಿಗಳ ಹಿಂಡನ್ನು ಹುಡುಕಿ. ಎಲ್ಲಕ್ಕಿಂತ ಮುಖ್ಯ ಸೆಳೆವಗಳು. ಕಜಕಿಸ್ತಾನದ ಹುಲ್ಲುಗಾವಲಿನಂಥ ದೂರದ ನಾಡಿನಿಂದ ಬರುವ ಈ ಬೇಟೆಹಕ್ಕಿಗಳು ಚಳಿಗಾಲವಿಡೀ ಮಿಡತೆ ತಿಂದು, ರಾತ್ರಿ ಮರ ಏರದೆ ಹುಲ್ಲಿನ ನಡುವೆ ನೆಲದ ಮೇಲೇ ಒಟ್ಟಾಗಿ ಮಲಗುತ್ತವೆ. ಸಂಜೆ ಐದೂವರೆಗೆ ಕಾವಲಿನ ಅಂಚಿನಲ್ಲಿ, ಇನ್ನೂರು ಮೀಟರಾದರೂ ದೂರ ಕುಳಿತು, ಇಳಿಯುವ ಒಂದೊಂದನ್ನೂ ಎಣಿಸಿ. ವರ್ಷ ವರ್ಷ ಅದೇ ಜಾಗದ ಎಣಿಕೆ ಇದ್ದರೆ ಆ ಕಾವಲಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಮೊಟ್ಟೆಯ ತಿಂಗಳುಗಳು

ಮಾರ್ಚ್‌ನಿಂದ ಭರಣಿ, ಕೃತ್ತಿಕೆ ಮಳೆಯವರೆಗೆ ಟಿಟ್ಟಿಭ, ನೆಲಗುಬ್ಬಿ, ಗೌಜಲಕ್ಕಿ ಎಲ್ಲಕ್ಕೂ ನೆಲವೇ ತೊಟ್ಟಿಲು. ಈ ಕಾಲದಲ್ಲಿ ನಡೆಯುವ ಕ್ರಮ ಬೇರೆ.

ಸಾಲಾಗಿ, ಒಬ್ಬರ ಹಿಂದೆ ಒಬ್ಬರು, ದನದ ಜಾಡಿನಲ್ಲೇ ನಡೆಯಿರಿ. ಟಿಟ್ಟಿಭ ತಲೆ ಮೇಲೆ ಸುತ್ತಿ ಕಿರುಚಿದರೆ, ಇಲ್ಲವೇ ಯಾವುದಾದರೂ ಹಕ್ಕಿ ರೆಕ್ಕೆ ಮುರಿದಂತೆ ಎದುರಿಗೆ ಹೊರಳಾಡಿದರೆ, ಮೊಟ್ಟೆಯೋ ಮರಿಯೋ ಹತ್ತಿರದಲ್ಲಿದೆ ಎಂದರ್ಥ. ಹುಡುಕಬೇಡಿ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಸರಿಯಿರಿ. ತಾಯಿಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡುವುದಕ್ಕಷ್ಟೇ ಅಲ್ಲ, ನೆರಳು ಕೊಡುವುದಕ್ಕೂ ಹೌದು. ಟಿಟ್ಟಿಭ ಎದೆಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದುಂಟು. ಏಪ್ರಿಲ್ ಮಧ್ಯಾಹ್ನ ಫೋಟೊ ತೆಗೆಯಲೆಂದು ಅದನ್ನು ಎಬ್ಬಿಸಿ ನಿಲ್ಲಿಸಿದರೆ ಮೊಟ್ಟೆ ಬೆಂದೇ ಹೋದೀತು. ಗೂಡಿನ ಪಕ್ಕ ಗುರುತಿಗೆ ಕಲ್ಲು ಪೇರಿಸುವುದೂ ಬೇಡ, ಕಾಗೆ ನಿಮ್ಮನ್ನೇ ನೋಡುತ್ತಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಜಾಗ ಹಂಚುವುದಂತೂ ಬೇಡವೇ ಬೇಡ.

ಹೊಲದಲ್ಲಿ ಮೊಟ್ಟೆ ಕಂಡರೆ ರೈತರಿಗೆ ತಿಳಿಸಿ. ಟ್ರ್ಯಾಕ್ಟರ್ ಚಾಲಕ ಆ ಜಾಗದಲ್ಲಿ ಎರಡು ಮಾರು ನೆಲ ಬಿಟ್ಟು ಉತ್ತರೆ ಸಾಕು, ಶೇಂಗಾ ಬಿತ್ತನೆಯ ಹೊತ್ತಿಗೆ ಮರಿಗಳು ಓಡಿಹೋಗಿರುತ್ತವೆ.

ಗೋಕಟ್ಟೆಯ ಬಳಿ ಒಂದು ಬೆಳಗು

ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆಯ ಸೀಮೆಯಿದು. ಬೇಸಿಗೆಯಲ್ಲಿ ನೀರಿದ್ದಲ್ಲಿಗೆ ಹಕ್ಕಿಯೇ ಬರುತ್ತದೆ. ಬಿಸಿಲೇರುವ ಹೊತ್ತಿಗೆ ಗೋಕಟ್ಟೆಯಿಂದ ದೂರ, ಬೇವಿನ ನೆರಳಲ್ಲಿ ಕೂತರೆ ಸ್ಯಾಂಡ್‌ಗ್ರೌಸ್ ಹಿಂಡು ಇಳಿಯುವುದನ್ನು ಕಾಣಬಹುದು, ಪಾರಿವಾಳದ ಗಾತ್ರದ ಮಣ್ಣುಬಣ್ಣದ ಹಕ್ಕಿ. ಗಂಡು ಹೊಟ್ಟೆಗರಿಯಲ್ಲಿ ನೀರು ಹೀರಿಕೊಂಡು ಹಾರಿ, ಬಯಲಲ್ಲಿರುವ ಮರಿಗಳಿಗೆ ಆ ಗರಿಯಿಂದಲೇ ಕುಡಿಸುತ್ತದೆ. ಕುಡಿಯುವಷ್ಟು ಹೊತ್ತು ನಾವು ಅಲುಗದಿದ್ದರೆ ಅಷ್ಟೇ ದೊಡ್ಡ ಸಹಾಯ. ಊರಿನ ಸಿಮೆಂಟ್ ತೊಟ್ಟಿಗಳೊಳಗೆ ಒಂದು ಓರೆ ಕಲ್ಲು ಇಳಿಬಿಡಿ, ನೀರು ಕೆಳಗಿಳಿದಾಗ ಹಕ್ಕಿ ಜಾರಿ ಮುಳುಗುವುದು ತಪ್ಪುತ್ತದೆ.

ಒಂದು ದಿನದ ಪಯಣ

ಮಕ್ಕಳನ್ನು ಒಮ್ಮೆ ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಕರೆದೊಯ್ಯಿರಿ. ಸೀತೆಗಾಗಿ ಕಾದಾಡಿದ ಜಟಾಯು ಬಿದ್ದದ್ದು ಇಲ್ಲೇ ಎಂಬುದು ಸ್ಥಳದ ನಂಬಿಕೆ. ಜಟಾಯುವಿನ ಕುಲವಾದ ರಣಹದ್ದು ದೇಶದಲ್ಲೆಲ್ಲ ಕುಸಿಯಲು ದೊಡ್ಡ ಕಾರಣ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ. ಅದನ್ನು ದನಗಳಿಗೆ ಬಳಸುವುದು 2006ರಲ್ಲಿ ನಿಷೇಧವಾಯಿತು. ಅದರ ಬದಲು ಪಶುವೈದ್ಯರಲ್ಲಿ ಮೆಲಾಕ್ಸಿಕಾಮ್ ಕೇಳಿ ಎಂದು ದನ ಸಾಕುವವರಿಗೆ ಹೇಳಲು ಇದಕ್ಕಿಂತ ತಕ್ಕ ಜಾಗವಿಲ್ಲ. ಈ ಬೆಟ್ಟದಲ್ಲೂ ಬಳಿಯ ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನಗಳಿವೆ. ಬ್ರಹ್ಮಗಿರಿಯ ಬಂಡೆ ತಂದೆತಾಯಿಯ ಮಾತು ಕೇಳುವುದರ ಜೊತೆಗೆ ಜೀವಿಗಳ ಮೇಲಿನ ದಯೆಯನ್ನೂ ಹೇಳುತ್ತದೆ.

ಕಾವಲಿಗೆ ಗಿಡ ಬೇಡ

ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳಲೇಬೇಕು. ಅಮೃತಮಹಲ್ ಕಾವಲುಗಳು ಬರಡು ನೆಲವಲ್ಲ. 2009–10ರ ಸುಮಾರಿಗೆ ಚಳ್ಳಕೆರೆ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಅಲ್ಲಿ ಬೇಲಿಯ ಹತ್ತಿರ ಕ್ಯಾಮೆರಾ, ಡ್ರೋನ್ ಹಿಡಿದು ಹೋಗಬೇಡಿ. ಉಳಿದ ಹುಲ್ಲಾದರೂ ಹುಲ್ಲಾಗಿಯೇ ಇರಬೇಕು. ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಇಂದು ಕರ್ನಾಟಕದಲ್ಲಿ ಸಿರುಗುಪ್ಪದ ಎರೆಬಯಲೇ ಕೊನೆಯ ಆಸರೆಯಾಗಿದೆ. ಬಯಲು ಕಳೆದುಕೊಂಡರೆ ಏನಾಗುತ್ತದೆಂಬುದಕ್ಕೆ ಬೇರೆ ಉದಾಹರಣೆ ಬೇಕೆ? ಜೂನ್ 5ಕ್ಕೆ ಸಸಿ ನೆಡಲು ಬರುವವರನ್ನು ಶಾಲೆಯಂಗಳಕ್ಕೆ, ರಸ್ತೆ ಬದಿಗೆ ಕರೆದೊಯ್ಯಿರಿ. ಕಾವಲಿನಲ್ಲಿ ಮರ ಎದ್ದರೆ ಕಾಗೆಗೆ ಮೊಟ್ಟೆ ಹುಡುಕಲು ಅಟ್ಟಣಿಗೆ ಸಿಕ್ಕಂತೆ.

ಶ್ರಮದಾನ ಮಾಡುವುದಿದ್ದರೆ ಮೊಟ್ಟೆಯ ಕಾಲ ಮುಗಿದ ಮೇಲೆ, ನೆಲ ಹಸಿಯಾಗಿರುವಾಗ, ಬಳ್ಳಾರಿ ಜಾಲಿಯ ಎಳೆ ಗಿಡಗಳನ್ನು ಬೇರುಸಹಿತ ಕೀಳಿ. ಅದರ ಕಾಯಿ ತಿಂದ ಕುರಿ, ದನಗಳೇ ಹಿಕ್ಕೆ, ಸಗಣಿಯಲ್ಲಿ ಬೀಜ ಹರಡುತ್ತವೆ. ಹೊಸ ಹುಲ್ಲು ಬರಲೆಂದು ಮಾರ್ಚ್‌ನಲ್ಲಿ ಬೆಂಕಿ ಇಡುವವರ ಜೊತೆ ಜಗಳ ಬೇಡ, ಒಮ್ಮೆ ಮೊಟ್ಟೆ ತೋರಿಸಿ. ಕೋಳಿ ಅಂಗಡಿ ತ್ಯಾಜ್ಯ ಕಾವಲಿನ ಅಂಚಿಗೆ ಬಿದ್ದರೆ ನಾಯಿ ಹಿಂಡು ಬೆಳೆಯುತ್ತದೆ, ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ. ಗೌಜಲಕ್ಕಿ, ಪುರ್ಲಕ್ಕಿಗೆ ಉರುಲು ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ನೋಟ್‌ಬುಕ್ಕು ಎಲ್ಲಿಗೆ?

ಮೇ ಕೊನೆಗೆ ಪಟ್ಟಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ. 2002ರ ಕಾಯ್ದೆಯ ಪ್ರಕಾರ ಸ್ಥಳೀಯ ಜೀವಿಗಳ ದಾಖಲೆ ಇಡುವುದು ಆ ಸಮಿತಿಯ ಕೆಲಸ. ಕೊಡುವ ಮುನ್ನ ಒಂದು ಸಂಜೆ ಹಟ್ಟಿಯ ಕಟ್ಟೆಯ ಮೇಲೆ ಕೂತು ಪಟ್ಟಿಯನ್ನು ಜೋರಾಗಿ ಓದಿ, ಚಿತ್ರ ತೋರಿಸಿ, ‘ಇದಕ್ಕೆ ನೀವು ಏನಂತೀರಿ ಅಜ್ಜಾ’ ಎಂದು ಕೇಳಿ. ಪುಸ್ತಕದಲ್ಲಿಲ್ಲದ ಹೆಸರು ಬಂದರೆ ಅದನ್ನು ಮೊದಲ ಕಾಲಂನಲ್ಲಿ ಬರೆದುಕೊಳ್ಳಿ.