ಕೈ ಕಡಿಸಿಕೊಂಡವನ ತಂಗಿ

ಮಗೂ, ಬಾ, ಕೂತುಕೋ. ಆ ಮೊಬೈಲು ಸ್ವಲ್ಪ ಆಚೆ ಇಡು. ಬೈಯಲಿಕ್ಕೆ ಕರೆದದ್ದಲ್ಲ.

ನಿನ್ನೆ ರಾತ್ರಿ ನಿನ್ನ ಅಜ್ಜಿ ಅರ್ಧ ಊಟದಲ್ಲಿ ಕೈ ತೊಳೆದು ಎದ್ದಳು, ನೋಡಿದೆಯಾ? ಪಣೋಲಿಬೈಲಿನ ಕಲ್ಲುರ್ಟಿ ದೈವಕ್ಕೆ ಅಗೇಲು ಹೇಳಿಕೊಂಡಿದ್ದೇನೆ ಅಂತ ಅವಳು ಅಂದದ್ದಷ್ಟೇ. ದೈವಕ್ಕೆ ಕೋಳಿ ಬಡಿಸುವುದು ಎಂತಹ ಧರ್ಮ, ಇದನ್ನೆಲ್ಲ ನಿಲ್ಲಿಸಬೇಕು ಅಂತ ನೀನು ಭಾಷಣಕ್ಕೆ ನಿಂತೆ. ಮೂರು ತಿಂಗಳ ಹಿಂದೆ ಮೀನುಸಾರು ಇಲ್ಲದಿದ್ದರೆ ಗಂಟಲಲ್ಲಿ ಅನ್ನ ಇಳಿಯದ ಹುಡುಗ ನೀನು! ಬಿಟ್ಟದ್ದು ಒಳ್ಳೆಯದೇ ಮಾರಾಯ. ನಾಲ್ಕೂವರೆಗೆ ಎದ್ದು ತಣ್ಣೀರು ಮೀಯುತ್ತಿ, ಹಿಡಿದದ್ದನ್ನು ಬಿಡದ ಗುಣ ನಿನಗೆ ಉಂಟು, ನನಗೆ ಅದು ಖುಷಿ. ಆದರೆ ನಿನ್ನ ವ್ರತ ನಿನ್ನ ಬಾಳೆಲೆ ದಾಟಿ ಅಜ್ಜಿಯ ಬಾಳೆಲೆಗೆ ಕೈ ಹಾಕಿತಲ್ಲ, ಅಲ್ಲಿ ನನಗೆ ಹೆದರಿಕೆ ಆಯಿತು.

ನಾನು ಸಣ್ಣವನಿದ್ದಾಗ ಬಂಟ್ವಾಳ ಪೇಟೆಯಲ್ಲಿ ನಮ್ಮ ಆಚೆಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಊರಿಗೆಲ್ಲ ಅವರು ಮರುಳ. ಕಾಲಿಗೆ ಚಪ್ಪಲಿ ಮುಟ್ಟಿಸಿದವರಲ್ಲ. ಕಾರ್ತಿಕದಲ್ಲಿ ಲಕ್ಷದೀಪ ಬಂತೆಂದರೆ ಧರ್ಮಸ್ಥಳಕ್ಕೆ ಬರಿಗಾಲಲ್ಲೇ ನಡೆಯುವುದು. ಸ್ನಾನ ಆಗುವ ತನಕ ಮನುಷ್ಯರೊಟ್ಟಿಗೆ ಮಾತಿಲ್ಲ, ತುಳಸಿಕಟ್ಟೆಯೊಟ್ಟಿಗೆ ಮಾತ್ರ ಮಾತು. ನಾವು ಮಕ್ಕಳು ಹಿಂದಿನಿಂದ ಅಣಕಿಸುತ್ತಿದ್ದೆವು. ಅವರು ತಿರುಗಿ ನಮಗೆ ಬೆಲ್ಲದ ತುಂಡು ಕೊಡುತ್ತಿದ್ದರು.

ಒಂದು ಏಕಾದಶಿ. ಅವರ ಮೊಮ್ಮಗಳಿಗೆ ಆಗಷ್ಟೇ ಜ್ವರ ಬಿಟ್ಟಿತ್ತು. ಐದು ವರ್ಷದ ಮಗು, ಗಂಜಿ ಬೇಕು ಅಂತ ಒಂದೇ ಸಮನೆ ಅಳು. ಇವತ್ತು ಈ ಮನೆಯಲ್ಲಿ ಅಕ್ಕಿ ಬೇಯಬಾರದು ಅಂದುಬಿಟ್ಟರು ಅಜ್ಜ. ಸೊಸೆಗೆ ಎದುರು ಮಾತಾಡುವ ಧೈರ್ಯ ಇಲ್ಲ, ಬಾಗಿಲ ಸಂದಿಯಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನ ಅಮ್ಮ ನಮ್ಮ ಒಲೆಯ ಮೇಲಿದ್ದ ಕುಚ್ಚಲಕ್ಕಿ ಗಂಜಿಯನ್ನು ತಟ್ಟೆಗೆ ಬಗ್ಗಿಸಿ, ಮಿಡಿ ಉಪ್ಪಿನಕಾಯಿಯ ರಸ ಒಂದು ಬೊಟ್ಟು ಹಾಕಿ, ನೆಟ್ಟಗೆ ಅವರ ಜಗಲಿ ಹತ್ತಿದಳು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಹಲಸಿನೆಲೆ ಮಡಚಿ ಕಡ್ಡಿ ಚುಚ್ಚಿ, ಅದರಲ್ಲಿ ಗುಟುಕು ಗುಟುಕಾಗಿ ಕುಡಿಸಿದಳು. ಅಜ್ಜ ಎದುರೇ ನಿಂತಿದ್ದರು. ತಟ್ಟೆ ಖಾಲಿಯಾದ ಮೇಲೆ ಒಳಗೆ ಹೋಗಿ ತಾವೇ ಒಂದು ಚೊಂಬು ನೀರು ತಂದು ಮಗುವಿನ ಬಾಯಿ ಒರೆಸಿದರು. ಆಮೇಲೂ ಅವರು ಏಕಾದಶಿ ಬಿಡಲಿಲ್ಲ, ಮೊಮ್ಮಗಳಿಗೆ ಗಂಜಿಯೂ ತಪ್ಪಲಿಲ್ಲ. ಸಾಯುವ ತನಕ ಮರುಳರಾಗಿಯೇ ಇದ್ದರು. ಅವರು ಹೋದ ದಿನ ಊರೇ ಅತ್ತಿತು.

ಇಂಥವರು ಎಲ್ಲ ಕಡೆ, ಎಲ್ಲ ಕಾಲದಲ್ಲಿ ಇದ್ದರು. ಸಿರಿಯಾ ದೇಶದಲ್ಲಿ ಸಿಮಿಯೋನ್ ಅಂತ ಒಬ್ಬ ಕ್ರೈಸ್ತ ಸನ್ಯಾಸಿ ಕಂಬದ ತುದಿಯಲ್ಲಿ 30 ವರ್ಷಕ್ಕೂ ಮಿಕ್ಕಿ ಕಳೆದು, 459ರಲ್ಲಿ ಅದರ ಮೇಲೆಯೇ ಪ್ರಾಣ ಬಿಟ್ಟ. ಅವನ ಹಠ ಸುಟ್ಟದ್ದು ಅವನ ಮೈಯನ್ನು ಮಾತ್ರ. ನನಗೆ ಅಂಥವರ ಮೇಲೆ ಸಿಟ್ಟಿಲ್ಲ, ಅಕ್ಕರೆಯೇ ಉಂಟು.

ಈಗ ನೀನು ನಿನ್ನೆ ಬೇಡವೆಂದ ಆ ಕಲ್ಲುರ್ಟಿ ಯಾರು, ಗೊತ್ತುಂಟಾ? ನೀನು ಮೊಬೈಲಿನಲ್ಲಿ ಕೇಳುವ ಭಾಷಣದವರು ಅದನ್ನು ಹೇಳಿರಲಿಕ್ಕಿಲ್ಲ. ನಮ್ಮ ತುಳು ಹಾಡುಕಥೆ ಪಾಡ್ದನದಲ್ಲಿ ಉಂಟು, ಕೇಳು. ಬೀರ ಕಲ್ಕುಡ ಎಂಬ ಶಿಲ್ಪಿ ಕಾರ್ಕಳದ ಅರಸನಿಗೆ ಗೊಮ್ಮಟನನ್ನು ಕೆತ್ತಿಕೊಟ್ಟ. 42 ಅಡಿಯ ಒಂದೇ ಕಲ್ಲು. ಯಾರ ಮೂರ್ತಿ ಅದು? ಗೆದ್ದ ರಾಜ್ಯವನ್ನು ಸೋತ ಅಣ್ಣನಿಗೇ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು ನಿಂತ ಬಾಹುಬಲಿಯದ್ದು. ಅಂಥವನ ಮೂರ್ತಿ ಎದ್ದು ನಿಂತದ್ದೇ ಅರಸನ ತಲೆಗೆ ಬಂದದ್ದು ಏನು? ಇಂಥದ್ದು ಇನ್ನೊಬ್ಬನ ಊರಲ್ಲಿ ಏಳಬಾರದು. ಕಲ್ಕುಡನ ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ಕುಂಟಿಕೊಂಡು ವೇಣೂರಿಗೆ ಬಂದು, ಅಜಿಲರಸನಿಗಾಗಿ ಉಳಿದ ಒಂದೇ ಕೈಯಲ್ಲಿ ಇನ್ನೊಬ್ಬ ಗೊಮ್ಮಟನನ್ನು ಎಬ್ಬಿಸಿದ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಅವನ ಅವಸ್ಥೆ ನೋಡಿ ಉರಿದುಬಿದ್ದಳು. ಅಣ್ಣ ತಂಗಿ ಇಬ್ಬರೂ ಮಾಯವಾಗಿ ದೈವಗಳಾದರು, ಕಾರ್ಕಳದ ಅರಸನ ನಿದ್ದೆ ಕೆಡಿಸಿದರು. ಆ ತಂಗಿಯೇ ಕಲ್ಲುರ್ಟಿ.

ಇತಿಹಾಸ ಓದಿದ ಹುಡುಗ, ನೀನು ತಕ್ಷಣ ಲೆಕ್ಕ ತೆಗೆಯುತ್ತಿ: ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದ್ದು 1604ರಲ್ಲಿ, ನಡುವೆ 172 ವರ್ಷ, ಒಬ್ಬನೇ ಶಿಲ್ಪಿ ಹೇಗೆ ಅಂತ. ಲೆಕ್ಕ ಸರಿ. ಪಾಡ್ದನ ಇಸವಿ ನೋಡಿ ಹುಟ್ಟಿದ್ದಲ್ಲ. ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನೇಜಿ ನೆಡುತ್ತಿದ್ದ ಹೆಂಗಸರು ಅರಸನ ಭಕ್ತಿಯನ್ನು ಹಾಡಲಿಲ್ಲ, ಕಡಿಸಿಕೊಂಡವನ ಕೈಯನ್ನು ಹಾಡಿದರು. ವೇಣೂರಿನಲ್ಲಿ ಹೇಳುವ ಇನ್ನೊಂದು ಕಥೆಯೂ ಉಂಟು: ಕಾರ್ಕಳದವರು ದಂಡೆತ್ತಿ ಬಂದಾಗ ತಿಮ್ಮಣ್ಣ ಅಜಿಲ ಆ 35 ಅಡಿಯ ಮೂರ್ತಿಯನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹುಗಿದಿಟ್ಟನಂತೆ. ಎಲ್ಲ ಬಿಟ್ಟವನ ಮೂರ್ತಿಗಾಗಿ ಯುದ್ಧ!

2024ರ ಮಸ್ತಕಾಭಿಷೇಕಕ್ಕೆ ನಿನ್ನನ್ನು ವೇಣೂರಿಗೆ ಕರೆದುಕೊಂಡು ಹೋಗಿದ್ದೆನಲ್ಲ. ನೀನು ಫೋಟೋ ತೆಗೆಯುವ ಗಡಿಬಿಡಿಯಲ್ಲಿದ್ದೆ. ಆ ಬಾಹುಬಲಿ ಒಂದು ವರ್ಷ ನಿಂತಲ್ಲೇ ನಿಂತ, ಕಾಲಿಗೆ ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು, ಆದರೂ ಜ್ಞಾನ ಬರಲಿಲ್ಲ. ಅಣ್ಣನ ನೆಲದ ಮೇಲೆ ನಿಂತಿದ್ದೇನಲ್ಲ ಎಂಬ ಒಂದು ಸಣ್ಣ ಮುಳ್ಳು ಮನಸ್ಸಿನಲ್ಲಿ ಉಳಿದಿತ್ತು. ಅಷ್ಟು ತಪಸ್ಸಿಗೂ ಅಷ್ಟು ಸಣ್ಣ ಮುಳ್ಳು ಸಾಕಾಯಿತು. ನಿನ್ನದು ಇನ್ನೂ ಮೂರು ತಿಂಗಳ ವ್ರತ, ಮಗೂ.

ಹಠ ಇನ್ನೊಬ್ಬರ ದೇವರಿಗೇ ಕೈ ಹಾಕಿದ್ದೂ ಉಂಟು. ಘಟ್ಟದ ಮೇಲೆ ಹಾವೇರಿ ಕಡೆ ಅಬ್ಬಲೂರು ಅಂತ ಊರು. ಅಲ್ಲಿ ಏಕಾಂತದ ರಾಮಯ್ಯ ಎಂಬ ಶಿವಭಕ್ತ ಜೈನರೊಡನೆ ಪಣ ಕಟ್ಟಿದ, ತಲೆ ಕಡಿದುಕೊಂಡು ಶಿವನಿಗೆ ಒಪ್ಪಿಸಿ ಮರಳಿ ಪಡೆದ ಅಂತ ಸುಮಾರು 1200ರ ಶಾಸನ ಹೇಳುತ್ತದೆ. ತಲೆ ಕೂಡಿಕೊಂಡದ್ದು ಹೌದೋ ಅಲ್ಲವೋ ಅಂತ ನಾನು ಜಗಳಕ್ಕೆ ಹೋಗುವುದಿಲ್ಲ. ತಲೆ ಅವನದ್ದು. ಆದರೆ ಗೆದ್ದರೆ ಅವರ ಜಿನಬಿಂಬ ಒಡೆಯುವುದು ಅಂತ ಪಣ. ಒಡೆದೂ ಒಡೆದ. ಅದನ್ನು ಅಲ್ಲಿಯ ಗುಡಿಯಲ್ಲಿ ಕಲ್ಲಿನಲ್ಲಿ ಕೆತ್ತಿ ಇಟ್ಟಿದ್ದಾರೆ. ನೋಡಿದರೆ ನನ್ನ ಹೊಟ್ಟೆ ಕಿವುಚುತ್ತದೆ.

1368ರಲ್ಲಿ ವಿಜಯನಗರದ ಬುಕ್ಕರಾಯನ ಮುಂದೆ ಇಂಥದ್ದೇ ಜಗಳದ ದೂರು ಬಂತು. ವೈಷ್ಣವರು ಕಾಡುತ್ತಾರೆ ಅಂತ ಜೈನರು ಹೋದರು. ಅವನು ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಬಾಯಿಮಾತಿಗೆ ಬಿಡಲಿಲ್ಲ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಬೇಕು, ಬೆಳಗೊಳದ ದೇವರಿಗೆ 20 ಆಳಿನ ಕಾವಲು ಇಡಬೇಕು, ಮಿಕ್ಕದ್ದರಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಈ ಹೊಣೆ ಹೊರಿಸಿದ್ದು ಯಾರ ಮೇಲೆ? ತಿರುಮಲೆಯ ತಾತಯ್ಯ ಎಂಬ ವೈಷ್ಣವನ ಮೇಲೆ. ಶ್ರವಣಬೆಳಗೊಳದಲ್ಲಿ ಆ ಕಲ್ಲು ಇವತ್ತಿಗೂ ಉಂಟು.

ಹಾಗಾದರೆ ಧರ್ಮ ಕಾಯುವುದು ಬೇಡವಾ ಅಂತ ನೀನು ಕೇಳುತ್ತಿ, ಗೊತ್ತು. ಕಾಯಿ. ಮೂಡುಬಿದಿರೆಯಲ್ಲಿ ಕಾದ ಹಾಗೆ ಕಾಯಿ. ಜೈನರ ಧವಲಾ ಗ್ರಂಥಗಳ ತಾಳೆಗರಿಗಳು ಬೇರೆಲ್ಲೂ ಉಳಿಯದಿದ್ದಾಗ ಅಲ್ಲಿಯ ಬಸದಿಯಲ್ಲಿ ಉಳಿದುಕೊಂಡವು. ಆ ಕಾವಲೂ ಎಷ್ಟು ಬಿಗಿಯಾಯಿತೆಂದರೆ ಬಂದವರಿಗೆ ಗರಿಗಳ ದರ್ಶನ ಮಾತ್ರ, ಓದಲಿಕ್ಕಿಲ್ಲ. ನೂರಾರು ವರ್ಷ ಹೂವು, ಆರತಿ. ಕೊನೆಗೆ ನಕಲು ಮಾಡಿಸಲು ಒಪ್ಪಿದರು. ಬರೆಯಲು ಕೂತ ಗಜಪತಿ ಶಾಸ್ತ್ರಿಗಳು ಗುಟ್ಟಾಗಿ ಇನ್ನೊಂದು ಪ್ರತಿಯನ್ನೂ ಮಾಡಿಕೊಂಡರು. 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಬಾಗಿಲು ಹಾಕಿ ಕೂತವರೂ ಭಕ್ತರೇ, ಕದ್ದು ಬರೆದವರೂ ಭಕ್ತರೇ. ಅದರಲ್ಲಿ ಯಾರ ಕೈಯೂ ಹೋಗಲಿಲ್ಲ, ನೋಡು.

ನೀನು ಕೋಳಿ ತಿನ್ನಬೇಡ. ಅಜ್ಜಿ ನಿನಗೆ ಬೇರೆ ಪಾತ್ರೆಯಲ್ಲಿ ಹೆಸರುಕಾಳಿನ ಗಸಿ ಮಾಡಿಟ್ಟಿದ್ದಾಳೆ, ನಿನ್ನೆ ಅಷ್ಟು ಕೇಳಿಸಿಕೊಂಡ ಮೇಲೂ. ಅವಳಿಗೆ ಮೊಣಕಾಲು ನೋವು, ಮೆಲ್ಕಾರಿನಲ್ಲಿ ಬಸ್ಸಿಳಿದು ಆಟೋ ಕಾಯಲಿಕ್ಕೆ ಆಗುವುದಿಲ್ಲ. ಬೈಕು ತೆಗೆ, ಅವಳನ್ನು ಪಣೋಲಿಬೈಲಿಗೆ ಕರೆದುಕೊಂಡು ಹೋಗು. ಹೊಂಡದ ಹತ್ತಿರ ನಿಧಾನ ಮಾಡು, ಅಕ್ಕಿಯ ಚೀಲ ನೀನೇ ಹಿಡಿದುಕೋ.