ಮೊದಲು ನೀರು, ಆಮೇಲೆ ಬಣ್ಣ: ಕಡಿಮೆ ಖರ್ಚಿನಲ್ಲಿ ಹಂಚಿನ ಮನೆಯ ಮಳೆಗಾಲದ ತಯಾರಿ

ಚಾಲಿ ಅಡಿಕೆ ಮಾರಿ ನಾಲ್ಕು ಕಾಸು ಕೈಗೆ ಬರುವುದೂ, ಮನೆ ರಿಪೇರಿಯ ಮಾತು ಏಳುವುದೂ ನಮ್ಮ ಕರ್ಕಿ ಕಡೆ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಏಪ್ರಿಲ್, ಮೇ. ಆಗ ಹೆಚ್ಚಿನವರು ಮೊದಲು ಹೋಗುವುದು ಪೇಂಟ್ ಅಂಗಡಿಗೆ. ಎದುರಿನ ಗೋಡೆಗೆ ಒಳ್ಳೆ ಬಣ್ಣ ಬೀಳುತ್ತದೆ. ಆಗಸ್ಟ್ ಬರುವಷ್ಟರಲ್ಲಿ ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆ ಎದ್ದು ಸಿಪ್ಪೆಯ ಹಾಗೆ ಸುಲಿಯುತ್ತದೆ. ಮರುವರ್ಷ ಮತ್ತೆ ಪೇಂಟ್. ಮೂರು ವರ್ಷ ಹೀಗೇ ಆದ ಮೇಲೆ "ಈ ಹಳೇ ಮನೆ ಇನ್ನು ಪ್ರಯೋಜನ ಇಲ್ಲ, ಕೆಡವಿ ಸ್ಲ್ಯಾಬ್ ಹಾಕಿಬಿಡೋಣ" ಎಂಬ ಮಾತು ಬರುತ್ತದೆ. ಅಲ್ಲಿಂದ ಸಾಲ. ತೋಟಕ್ಕೆ ಹೋಗಬೇಕಾದ ದುಡ್ಡು ವರ್ಷಗಟ್ಟಲೆ ಕಂತಿಗೆ ಹೋಗುತ್ತದೆ.

ಇಂಥ ಮನೆಗಳಲ್ಲಿ ಹೆಚ್ಚಿನವಕ್ಕೆ ಕೆಡವುವಂಥ ರೋಗ ಏನೂ ಇರುವುದಿಲ್ಲ. ನೀರು ಹೋಗಬಾರದ ಕಡೆ ಹೋಗುತ್ತಿರುತ್ತದೆ, ಅಷ್ಟೇ. ಹಾಗಾಗಿ ಈ ವಾರ ತೋಟ ಬಿಟ್ಟು ಮನೆಯ ಪಾಠ. ಹೇಳುವುದು ಒಂದೇ ಮಾತು: ದುಡ್ಡು ಕಡಿಮೆ ಇದ್ದಾಗ ಏನು ಮಾಡಿಸುತ್ತೇವೆ ಎನ್ನುವುದಕ್ಕಿಂತ ಯಾವುದನ್ನು ಮೊದಲು ಮಾಡಿಸುತ್ತೇವೆ ಎನ್ನುವುದು ಮುಖ್ಯ. ಮಾಡು, ನೆಲ, ಮರ, ಕರೆಂಟ್, ಕೊನೆಗೆ ಗೋಡೆ. ಈ ಕ್ರಮ ತಪ್ಪಿದರೆ ಖರ್ಚು ಮಾಡಿದ್ದು ನೀರಿಗೇ ಹೋಗುತ್ತದೆ.

ಮೊದಲು ಒಂದು ಲೆಕ್ಕ

ಹೊನ್ನಾವರದ ಕರಾವಳಿಯಲ್ಲಿ ವರ್ಷದ ಮಳೆ 3,000 ಮಿಲಿಮೀಟರ್ ದಾಟುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮನೆಯ ಮಾಡು ಒಂದು ಗುಂಟೆ, ಅಂದರೆ ಸುಮಾರು 100 ಚದರ ಮೀಟರ್ ಜಾಗ ಮುಚ್ಚಿದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3 ಲಕ್ಷ ಲೀಟರ್. 10,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 30 ಟ್ಯಾಂಕರ್!

ಎರಡು ಬದಿಗೆ ಇಳಿಜಾರು ಇರುವ ಮಾಡಾದರೆ, ಎರಡೂ ಅಂಚು ಸೇರಿ 20 ಮೀಟರ್ ಉದ್ದ ಇದ್ದರೆ, ಅಂಚಿನ ಪ್ರತಿ ಮೀಟರಿನಿಂದ 15,000 ಲೀಟರ್ ನೀರು ಗೋಡೆಯಿಂದ ಎರಡು ಅಡಿ ದೂರದಲ್ಲಿ ನೆಲಕ್ಕೆ ಬೀಳುತ್ತದೆ. ಅದೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ನೀರು ಬುಡದಲ್ಲಿ ನಿಂತರೆ ಯಾವ ಪೇಂಟ್ ತಡೆದೀತು?

ನಮ್ಮ ಮನೆ ಕೆಲಸ ಮಾಡುವ ರೀತಿ

ನಮ್ಮ ಗೋಡೆ ಚಿರೇಕಲ್ಲಿನದು. ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿ. ಈ ಗುಣ ನೋಡಿಯೇ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. 1801ರಲ್ಲಿ ಅವನು ನಮ್ಮ ಹೊನ್ನಾವರದ ದಾರಿಯಲ್ಲೂ ಹೋಗಿದ್ದ. ಮೇಲಿನ ಹಂಚು ಮಂಗಳೂರು ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಕರಾವಳಿಗೆಲ್ಲ ಹಬ್ಬಿದ್ದು.

ಚಿರೇಕಲ್ಲಿನ ಮೈತುಂಬ ತೂತು. ತೋಟದ ಮಣ್ಣು ಹೇಗೆ ಕೆಳಗಿನ ತೇವವನ್ನು ಮೇಲಕ್ಕೆ ಎಳೆಯುತ್ತದೋ, ಈ ಕಲ್ಲೂ ಹಾಗೇ ಎಳೆಯುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಆ ತೇವ ಬಿಸಿಲು ಬಂದಾಗ ಆರಿಹೋಗುತ್ತದೆ. ಅದೇ ಗೋಡೆಗೆ ಗಟ್ಟಿ ಸಿಮೆಂಟ್ ಗಿಲಾವು ಮಾಡಿ, ಮೇಲೆ ಪ್ಲಾಸ್ಟಿಕ್ಕಿನಂಥ ಪೇಂಟ್ ಬಳಿದರೆ ತೇವಕ್ಕೆ ಹೊರದಾರಿ ಇಲ್ಲ. ನೀರಿನ ಜೊತೆ ಬಂದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ದೂಡುತ್ತದೆ. ಗಿಲಾವು ಹೊಟ್ಟೆಬಿಡುವುದು ಹೀಗೆ.

ಸ್ಲ್ಯಾಬ್ ಹಾಕಿದರೆ ಚಿಂತೆ ಮುಗಿಯಿತು ಎನ್ನುವವರಿಗೂ ಒಂದು ಮಾತು. ಸಮುದ್ರದ ಗಾಳಿಯ ಉಪ್ಪು ಕಾಂಕ್ರೀಟಿನ ಒಳಗಿನ ಕಬ್ಬಿಣಕ್ಕೂ ಶತ್ರು. ಅಳಿವೆಯ ಉಪ್ಪು ಮರಳನ್ನು ತೊಳೆಯದೆ ಬಳಸಿದರಂತೂ ತುಕ್ಕು ಇನ್ನೂ ಬೇಗ. ಕರಾವಳಿಯಲ್ಲಿ ನೋಡಿಕೊಳ್ಳದಿದ್ದರೆ ಯಾವ ಮನೆಯೂ ಉಳಿಯುವುದಿಲ್ಲ.

ಹೆಜ್ಜೆ 1: ಮಾಡು

ಮಧ್ಯಾಹ್ನ ಹನ್ನೆರಡಕ್ಕೆ ಅಟ್ಟ ಹತ್ತಿ, ಲೈಟ್ ಆರಿಸಿ, ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಬೆಳಕು ಬರುವ ತೂತೆಲ್ಲ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಹತ್ತಿರದ ಪಕಾಸಿಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹಂಚು ಹೊದೆಸುವವರು ಬಂದ ದಿನ "ಎಲ್ಲೋ ಸೋರ್ತದೆ" ಎನ್ನುವ ಬದಲು ಲೆಕ್ಕ ಹೇಳಬಹುದು: ಇಷ್ಟು ಒಡೆದ ಹಂಚು, ಇಷ್ಟು ಸರಿದ ಹಂಚು. ಅರ್ಧ ದಿನದ ಕೂಲಿ ಅಲ್ಲೇ ಉಳಿಯುತ್ತದೆ.

ಹಳೇ ಮನೆ ಕೆಡವಿದ ಕಡೆ ಹಂಚು ಅಗ್ಗಕ್ಕೆ ಸಿಗುತ್ತದೆ. ತರುವ ಮೊದಲು ಮೂರು ಪರೀಕ್ಷೆ ಮಾಡಿ.

ಒಂದು, ನಿಮ್ಮ ಹಂಚನ್ನು ತಿರುಗಿಸಿ ಅದರಲ್ಲಿ ಅಚ್ಚಾದ ಕಾರ್ಖಾನೆ ಹೆಸರು ನೋಡಿ, ಅದೇ ಅಚ್ಚಿನದು ಹುಡುಕಿ. ಬೇರೆ ಬೇರೆ ಅಚ್ಚಿನ ಹಂಚು ಒಂದಕ್ಕೊಂದು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಸಂದಿಯಲ್ಲಿ ಗಾಳಿಮಳೆ ನುಗ್ಗುತ್ತದೆ.

ಎರಡು, ಬೆರಳಗೆಣ್ಣಿನಿಂದ ಬಡಿದು ನೋಡಿ. ಠಣ್ ಎಂದರೆ ಒಳ್ಳೆಯದು, ಡಬ್ ಎಂದರೆ ಒಳಗೆ ಬಿರುಕು.

ಮೂರು, ಒಂದು ಒಣ ಹಂಚು ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿ. ತೂಕ ಐದನೇ ಒಂದು ಭಾಗಕ್ಕಿಂತ ಹೆಚ್ಚಾದರೆ ಬೇಡ. ಅಂದರೆ ಎರಡೂವರೆ ಕಿಲೋ ಹಂಚು ಮೂರು ಕಿಲೋ ದಾಟಬಾರದು.

ಮಾಡಿನ ನೆತ್ತಿಯ ಹಂಚುಗಳ ಗಾರೆ ಬಿರುಕು ಬಿಟ್ಟಿದೆಯೇ, ಎರಡು ಮಾಡು ಕೂಡುವ ತಗ್ಗಿನ ತಗಡು ತೂತಾಗಿದೆಯೇ, ಅದರಲ್ಲಿ ತರಗೆಲೆ ತುಂಬಿದೆಯೇ ನೋಡಿ. ಸೋರಿಕೆಯ ದೊಡ್ಡ ಪಾಲು ಈ ಜಾಗಗಳದ್ದೇ. ಒದ್ದೆ ಹಂಚಿನ ಮೇಲೆ ಮಾತ್ರ ಯಾವತ್ತೂ ಹತ್ತಬೇಡಿ. ಮಳೆ ನಡುವೆ ಸೋರಿದರೆ ಅಟ್ಟದ ಒಳಗಿಂದ ಹಂಚು ಸರಿಪಡಿಸಿ, ಉಳಿದದ್ದು ಬಿಸಿಲು ಬಂದ ಮೇಲೆ.

ಹೆಜ್ಜೆ 2: ಅಂಚಿನ ನೀರು ಮತ್ತು ನೆಲ

ಮೊದಲ ಮಳೆಗೆ ಛತ್ರಿ ಹಿಡಿದು ಮನೆಯ ಸುತ್ತ ಒಂದು ಸುತ್ತು ವಿಡಿಯೋ ಮಾಡಿ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಗೋಡೆಗೆ ಸಿಡಿಯುತ್ತದೆ ಎನ್ನುವುದು ಬೇಸಿಗೆಯಲ್ಲಿ ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಮೇ ತಿಂಗಳ ಗುಡುಗುಮಳೆ ಬಂದರೆ ಅದೇ ಸಾಕು.

ಗೋಡೆಯ ಬುಡದಿಂದ ಮೂರು ಅಡಿ ನೆಲ ಹೊರಕ್ಕೆ ಇಳಿಜಾರು ಇರಬೇಕು. ಮೀಟರಿಗೆ ಎರಡು ಸೆಂಟಿಮೀಟರ್ ಇಳಿದರೆ ಸಾಕು. ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ನೋಡಿಕೊಳ್ಳಬಹುದು. ಚಿರೇಕಲ್ಲಿನ ಚೂರು ಹಾಸಿ ಮಣ್ಣು ಗಟ್ಟಿಮಾಡಿ. ನೀರು ಬೀಳುವ ಗೆರೆಯಲ್ಲಿ ಒಂದು ಅಡಿ ಅಗಲದ ಕಾಲುವೆ ಸಾಲು ತೆಗೆದು ಬುಡಕ್ಕೆ ಜಲ್ಲಿ ಹಾಕಿ. ಜಲ್ಲಿ ಇದ್ದರೆ ಕೆಸರು ಗೋಡೆಗೆ ಸಿಡಿಯುವುದಿಲ್ಲ. ಇಂಗುಗುಂಡಿ ಮಾಡುವುದಾದರೆ ಗೋಡೆಯಿಂದ ಕನಿಷ್ಠ ಹತ್ತು ಅಡಿ ಆಚೆ. ಬಾಗಿಲ ಮೇಲಿನ ಅಂಚಿಗೆ ದುಡ್ಡಿದ್ದರೆ ಪಿವಿಸಿ, ಇಲ್ಲವಾದರೆ ಅಡಿಕೆ ಮರ ಸೀಳಿ ತಿರುಳು ತೆಗೆದ ದೋಣಿ. ಎರಡೂ ನೀರು ಸಾಗಿಸುತ್ತವೆ.

ನಾವು ಕೃಷಿಕರು ಮಾಡುವ ಒಂದು ಅಭ್ಯಾಸ ಬಿಡಬೇಕು. ಕಟ್ಟಿಗೆ, ತೆಂಗಿನ ಸಿಪ್ಪೆ, ಸೋಗೆ, ಗೊಬ್ಬರದ ಚೀಲ ಎಲ್ಲವನ್ನೂ ಗೋಡೆಗೆ ತಾಗಿಸಿ ಒಟ್ಟುವುದು. ಗೋಡೆ ಆರುವುದಿಲ್ಲ, ವರಲೆಗೆ ಏಣಿ ಇಟ್ಟುಕೊಟ್ಟಂತಾಗುತ್ತದೆ. ಎರಡು ಅಡಿ ಬಿಟ್ಟು ಒಟ್ಟಿ. ಬಚ್ಚಲ ನೀರು ಗೋಡೆ ಬುಡದಲ್ಲಿ ಇಂಗುತ್ತಿದ್ದರೆ ಪೈಪಿನಲ್ಲಿ ದೂರ ಒಯ್ದು ಬಾಳೆಗೋ ಕೆಸುವಿಗೋ ಬಿಡಿ.

ಗಾಳಿಮಳೆ ನೇರ ಹೊಡೆಯುವ ಪಡುವಣ ಗೋಡೆಗೆ ಹಿರಿಯರು ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಅದು ಬಡತನದ ಗುರುತಲ್ಲ. ನಾಲ್ಕು ತಿಂಗಳು ಗೋಡೆ ಒದ್ದೆಯಾಗದ ಹಾಗೆ ನೋಡಿಕೊಂಡು, ಆಮೇಲೆ ತೋಟಕ್ಕೆ ಮುಚ್ಚಿಗೆಯಾಗುವ ವಸ್ತು ಅದು. ಗೋಡೆಗೂ ತಟ್ಟಿಗೂ ನಡುವೆ ಗಾಳಿಯಾಡಲು ಅರ್ಧ ಅಡಿ ಬಿಡಿ.

ಹೆಜ್ಜೆ 3: ಮರ ಮತ್ತು ವರಲೆ

ಪಕಾಸಿ, ರೀಪುಗಳನ್ನು ಚೂರಿಯ ತುದಿಯಿಂದ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಅಷ್ಟು ತುಂಡು ಬದಲಿಸಿ, ಇಡೀ ಮಾಡು ಬೇಡ. ವರಲೆಯ ಮಣ್ಣಿನ ಹಾದಿ ಕಂಡರೆ ಕೆರೆದು ತೆಗೆದು, ಅದು ನೆಲದಿಂದ ಎಲ್ಲಿ ಹತ್ತಿದೆ ಎಂದು ಹಿಂಬಾಲಿಸಿ.

ಒಳಗಿನ ಮರಕ್ಕೆ ಅಗ್ಗದ ಮದ್ದು ಬೋರಾಕ್ಸ್ ಮತ್ತು ಬೋರಿಕ್ ಆಮ್ಲ. ತೆಂಗಿಗೆ ಬೋರಾನ್ ಕೊರತೆಯಾದಾಗ ಹಾಕುವ ಅದೇ ಬೋರಾಕ್ಸ್. 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಪೇಂಟ್ ಇಲ್ಲದ ಒಣಗಿದ ಮರಕ್ಕೆ ಬ್ರಷ್‌ನಲ್ಲಿ ಎರಡು ಮೂರು ಸಲ ಬಳಿಯಿರಿ. ಮಳೆ ತಾಗಿದರೆ ಇದು ತೊಳೆದುಹೋಗುತ್ತದೆ, ಆದ್ದರಿಂದ ಹೊರಗಿನ ಮರಕ್ಕೆ ಆಗುವುದಿಲ್ಲ. ಅಲ್ಲಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ. ಅದು ಚರ್ಮ ಸುಡುತ್ತದೆ, ಕೈಗವಸು ಬೇಕೇ ಬೇಕು. ಬೋರಾಕ್ಸ್, ಬೋರಿಕ್ ಆಮ್ಲ ಎರಡನ್ನೂ ಅಡುಗೆ ಸಾಮಾನು ಮತ್ತು ಮಕ್ಕಳಿಂದ ದೂರ ಇಡಿ.

ಹೆಜ್ಜೆ 4: ಕರೆಂಟ್

ಇದು ಬಣ್ಣದ ಹಾಗೆ ಕಣ್ಣಿಗೆ ಕಾಣುವ ಕೆಲಸವಲ್ಲ, ಜೀವದ ಕೆಲಸ. ಒದ್ದೆ ಗೋಡೆಯಲ್ಲಿ ಹಳೇ ವೈರ್ ಇದ್ದರೆ ಗೋಡೆಯೇ ಶಾಕ್ ಹೊಡೆಯಬಹುದು. ಮೀಟರ್ ಬೋರ್ಡಿನ ಹತ್ತಿರ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಆರ್‌ಸಿಸಿಬಿ ಪದೇ ಪದೇ ಬಿದ್ದರೆ ಬೈಯ್ಯಬೇಡಿ, ಎಲ್ಲೋ ಸೋರುತ್ತಿದೆ ಎಂದು ಅದು ಹೇಳುತ್ತಿದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಅರ್ಥಿಂಗನ್ನೂ ನೋಡಿಸಿ.

ಹೆಜ್ಜೆ 5: ಕೊನೆಗೆ ಗೋಡೆ

ತೇವ ಎಲ್ಲಿಂದ ಬರುತ್ತಿದೆ ಎಂದು ಮೊದಲು ತಿಳಿಯಿರಿ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಬದಿ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈ ಬೆವರಿದರೆ ತೇವ ಗೋಡೆಯದ್ದು. ಹೊರಮೈ ಬೆವರಿದರೆ ಕೋಣೆಯ ಗಾಳಿಯದ್ದು. ಕಿಟಕಿ ತೆರೆದಿಡಿ, ಸಾಕು.

ಗಟ್ಟಿಯಾಗಿರುವ ಸಿಮೆಂಟ್ ಗಿಲಾವು ಒಡೆಯಬೇಡಿ. ಹೊಟ್ಟೆಬಿಟ್ಟದ್ದನ್ನು ಮಾತ್ರ, ತೇವದ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ತೆಗೆದು, ಬೇಸಿಗೆಯಿಡೀ ಆರಲು ಬಿಡಿ. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಮರಳಿನ ಗಾರೆ ತೆಳುವಾಗಿ ಎರಡು ಸಲ ಬಳಿದು, ಒಂದು ವಾರ ನೀರು ಚಿಮುಕಿಸಿ.

ಅದರ ಮೇಲೆ ಸುಣ್ಣ. ಕೊಳೆರೋಗಕ್ಕೆ ಬೋರ್ಡೋ ಮಾಡುವವರಿಗೆ ಸುಣ್ಣ ಹೊಸದಲ್ಲ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು. ನೀರಿಗೆ ಸುಣ್ಣ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಬೇಡ, ಕಣ್ಣಿಗೆ ಕನ್ನಡಕ ಇರಲಿ. ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬಿಸಿನೀರಲ್ಲಿ ಕರಗಿಸಿ ಸೇರಿಸಿ. ಗೋಡೆಗೆ ನೀರು ಚಿಮುಕಿಸಿ ತೆಳುವಾಗಿ ಬಳಿಯಿರಿ. ಹೊಸ ಗೋಡೆಗೆ ಮೂರು ಸಲ, ಹಳೇದಕ್ಕೆ ಎರಡು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣ ಮತ್ತೆ ಕಲ್ಲಾಗುತ್ತದೆ, ಅದಕ್ಕೆ ಸಮಯ ಬೇಕು. ಆದ್ದರಿಂದ ಮಾರ್ಚ್-ಏಪ್ರಿಲ್‌ನಲ್ಲಿ ಬಳಿಯಿರಿ, ಇಲ್ಲವೇ ಮಳೆ ಮುಗಿದು ಗೋಡೆ ಆರಿದ ಮೇಲೆ. ಪ್ಲಾಸ್ಟಿಕ್ ಪೇಂಟಿನ ಮೇಲೆ ಸುಣ್ಣ ಹಿಡಿಯದು, ಮೊದಲು ಕೆರೆದು ತೆಗೆಯಬೇಕು.

20,000 ರೂಪಾಯಿ ಇದ್ದರೆ?

ಕೂಲಿ, ಸಾಮಾನಿನ ದರ ಊರಿಂದ ಊರಿಗೆ ಬೇರೆ. ಹಾಗಾಗಿ ಪಾಲು ಮಾತ್ರ ನೋಡಿ. ನಾನಾದರೆ ಹೀಗೆ ಹಂಚುತ್ತೇನೆ:

ಮಾಡು: 8,000
ನೆಲ, ಕಾಲುವೆ, ದೋಣಿ: 4,000 (ಅಗೆತ ನಮ್ಮದೇ)
ಕರೆಂಟ್: 4,000
ಮರ, ವರಲೆ: 2,000
ಸುಣ್ಣ, ಗಾರೆ: 2,000

12,000 ಮಾತ್ರ ಇದ್ದರೆ ಮಾಡು ಮತ್ತು ಕರೆಂಟ್ ಮಾಡಿಸಿ, ಕಾಲುವೆ ನೀವೇ ತೆಗೆಯಿರಿ, ಗೋಡೆ ಮುಂದಿನ ವರ್ಷಕ್ಕಿರಲಿ. ಬಣ್ಣ ಮಾಸಿದ ಗೋಡೆಯಿಂದ ಯಾರಿಗೂ ಏನೂ ಆಗುವುದಿಲ್ಲ. ಸೋರುವ ಮಾಡಿನ ಕೆಳಗೆ ಅಟ್ಟದಲ್ಲಿಟ್ಟ ಅಡಿಕೆಗೆ ಬೂಸಲು ಹಿಡಿದರೆ ರಿಪೇರಿಗಿಂತ ದೊಡ್ಡ ನಷ್ಟ.

ಎಲ್ಲಿ ನಿಲ್ಲಿಸಬೇಕು?

ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ, ಪಕ್ಕದಲ್ಲಿ ಸ್ಕೇಲ್ ಹಿಡಿದು ತಿಂಗಳಿಗೊಂದು ಫೋಟೋ. ಬೆಳೆಯದ ಕೂದಲೆಳೆ ಬಿರುಕಿಗೆ ಹೆದರಬೇಡಿ. ಬಾಗಿಲ ಮೂಲೆಯಿಂದ ಓರೆಯಾಗಿ ಹೋಗಿ ಅಗಲವಾಗುತ್ತಿದ್ದರೆ, ಅಥವಾ ತೂಗುಗುಂಡು ಬಿಟ್ಟಾಗ ಗೋಡೆ ವಾಲಿದ್ದು ಕಂಡರೆ, ಸ್ವಂತ ಪ್ರಯೋಗ ಬೇಡ. ಆ ಕೋಣೆಯಲ್ಲಿ ಮಲಗುವುದು ಬಿಟ್ಟು ಇಂಜಿನಿಯರಿಗೆ ತೋರಿಸಿ. ಆ ಫೋಟೋಗಳನ್ನು ಅವರಿಗೂ ಕೊಡಿ, ಉಪಯೋಗ ಆಗುತ್ತದೆ.

ಈ ವಾರ ಮಾಡಬೇಕಾದ್ದು ಎರಡೇ, ಖರ್ಚೂ ಇಲ್ಲ. ಮಧ್ಯಾಹ್ನ ಅಟ್ಟ ಹತ್ತಿ ಬೆಳಕಿನ ಚುಕ್ಕಿ ಎಣಿಸಿ. ಸಂಜೆ ಗೋಡೆಗೆ ತಾಗಿದ ಕಟ್ಟಿಗೆ ರಾಶಿಯನ್ನು ಎರಡು ಅಡಿ ಆಚೆ ಸರಿಸಿ. ಹಂಚು ಹೊದೆಸುವವರಿಗೆ ಈಗಲೇ ಹೇಳಿಡಿ. ಮೃಗಶಿರ ಮಳೆ ಹತ್ತಿರ ಬಂದ ಮೇಲೆ ಅವರು ಯಾರ ಕೈಗೂ ಸಿಗುವುದಿಲ್ಲ.